ನಿತ್ಯದ ನಾಲ್ಕು ಮಾತುಗಳು

ಹೊಸ ಭಾಷೆಯೊಂದನ್ನು ಕಲಿಯಹೊರಟವರಿಗೆ ಪಾಠಪುಸ್ತಕಗಳು ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು 'ಇದು ಮೇಜು', 'ಅದು ಕುರ್ಚಿ' ಎಂಬ ಬಗೆಯ ವಾಕ್ಯಗಳನ್ನು. ಮೇಜನ್ನು ಮೇಜೆಂದು ಮತ್ತೊಬ್ಬರಿಗೆ ಪರಿಚಯಿಸಿಕೊಡಬೇಕಾದ ಪ್ರಸಂಗ ನಮ್ಮ ಬಾಳಿನಲ್ಲಿ ಎಷ್ಟು ಸಲ ಒದಗುತ್ತದೆ? ಆದರೆ ಬೆಳಗಾದರೆ ನೆರೆಯವರನ್ನು ಮಾತನಾಡಿಸಬೇಕು, ಅಂಗಡಿಯಲ್ಲಿ ಬೆಲೆ ಕೇಳಬೇಕು, ಉಪಕಾರ ಮಾಡಿದವರಿಗೆ ಕೃತಜ್ಞತೆ ತಿಳಿಸಬೇಕು, ಹೊರಟವರನ್ನು ಬೀಳ್ಕೊಡಬೇಕು. ಇವಕ್ಕೆಲ್ಲ ಬೇಕಾಗುವ ಮಾತುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ನಿಘಂಟಿನಲ್ಲಿ ಅವುಗಳಿಗೆ ದೊಡ್ಡ ಸ್ಥಾನವೇನೂ ಇಲ್ಲ. ಆದರೂ ಒಂದು ಜನಾಂಗ ತನ್ನೊಳಗೆ ಹೇಗೆ ನಡೆದುಕೊಳ್ಳುತ್ತದೆಂಬುದು ತಿಳಿಯಬೇಕಾದರೆ ಈ ಸಣ್ಣ ಮಾತುಗಳ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಸಂಗತಿ ಚೆನ್ನಾಗಿ ಮನದಟ್ಟಾದದ್ದು, ಅರವತ್ತು ದಾಟಿದ ಮೇಲೆ ಕ್ಯಾಂಟನೀಸ್ ಭಾಷೆಯ ನಾಲ್ಕು ಮಾತುಗಳನ್ನು ಕಲಿತಾಗ.

ನನ್ನ ಮಗಳು ಮತ್ತು ಅಳಿಯ ಉದ್ಯೋಗನಿಮಿತ್ತವಾಗಿ ಬಹುಕಾಲದಿಂದ ಹಾಂಗ್‌ಕಾಂಗ್ ನಿವಾಸಿಗಳು. 2023ರ ಅಕ್ಟೋಬರಿನಲ್ಲಿ ಅವರಲ್ಲಿಗೆ ಹೋದವಳು ಮುಂದಿನ ಮಾರ್ಚಿಯವರೆಗೆ ಅಲ್ಲೇ ಇದ್ದೆ. ಮನೆಯಿದ್ದದ್ದು ಕೌಲೂನಿನ ಹುಂಗ್ ಹೋಂ ಬಡಾವಣೆಯ ಮುಗಿಲೆತ್ತರದ ಕಟ್ಟಡವೊಂದರಲ್ಲಿ. ಮಗಳು, ಅಳಿಯ ಬೆಳಗ್ಗೆ ಕಚೇರಿಗೆ ಹೊರಟರೆ, ಹತ್ತು ವರ್ಷದ ಮೊಮ್ಮಗಳು ಶಾಲೆಗೆ ಹೊರಡುವಳು. ಆಮೇಲೆ ನಾನು, ಕಿಟಕಿ, ಕಿಟಕಿಯಾಚೆಗೆ ಕಾಣುವ ಒಂದು ಚೂರು ಸಮುದ್ರ. ಕೆಳಗಿಳಿದರೆ ಸಾವಿರಾರು ಜನ; ಅವರೆಲ್ಲರ ಬಾಯಲ್ಲೂ ಮಾತು; ಆದರೆ ಅದರಲ್ಲಿ ಒಂದಕ್ಷರವೂ ನನ್ನದಲ್ಲ. ಇಷ್ಟು ಜನರ ನಡುವೆ ಮೂಗಿಯಂತೆ ಇರುವುದು ಸಾಧ್ಯವಿಲ್ಲವೆಂದು ಒಂದು ವಾರದಲ್ಲೇ ನಿಶ್ಚಯಿಸಿದೆ.

'ಹಾಂಗ್‌ಕಾಂಗಿನಲ್ಲಿ ಇಂಗ್ಲಿಷು ನಡೆಯುವುದಿಲ್ಲವೇ?' ಎಂದು ನೀವು ಕೇಳಬಹುದು. ನಡೆಯುತ್ತದೆ. 1842ರಿಂದ 1997ರ ಜೂನ್ ಕೊನೆಯವರೆಗೆ, ನಡುವೆ ಜಪಾನೀಯರು ಆಳಿದ ಮೂರು ವರ್ಷ ಎಂಟು ತಿಂಗಳನ್ನು ಬಿಟ್ಟರೆ, ಅದು ಬ್ರಿಟಿಷರ ಅಧೀನದಲ್ಲಿತ್ತು. ಕಚೇರಿಗಳಲ್ಲಿ, ದೊಡ್ಡ ಮಳಿಗೆಗಳಲ್ಲಿ, ಬೀದಿಯ ಫಲಕಗಳಲ್ಲಿ ಇಂಗ್ಲಿಷು ಇಂದಿಗೂ ಇದೆ. ಆದರೆ ತರಕಾರಿ ಮಾರುವವಳಿಗೂ ಪಾರ್ಕಿನ ಬೆಂಚಿನ ಮೇಲೆ ಕುಳಿತ ಮುದುಕನಿಗೂ ಅದು ದೂರದ ನೆಂಟ. 2021ರ ಜನಗಣತಿಯಂತೆ, ಐದು ವರ್ಷ ತುಂಬಿದ ಹಾಂಗ್‌ಕಾಂಗ್ ನಿವಾಸಿಗಳಲ್ಲಿ ನೂರಕ್ಕೆ 88 ಮಂದಿಯ ನಿತ್ಯದ ಮಾತು ಕ್ಯಾಂಟನೀಸ್. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತ್ಯ ಇದರ ತೌರು. ಮಕಾವಿನಲ್ಲಿಯೂ ಕೌಲಾಲಂಪುರದಲ್ಲಿಯೂ, ಸಾನ್ ಫ್ರಾನ್ಸಿಸ್ಕೋ, ವ್ಯಾಂಕೂವರ್‌ಗಳ ಚೀನೀ ಕೇರಿಗಳಲ್ಲಿಯೂ ಇದನ್ನು ಕೇಳಬಹುದು. ಇದರ ಉಪಭಾಷೆಗಳನ್ನೆಲ್ಲ ಸೇರಿಸಿದರೆ ಆಡುವವರ ಸಂಖ್ಯೆ ಎಂಟು ಕೋಟಿಯ ಆಸುಪಾಸಿನದು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ ಎಂಬುದನ್ನು ನೆನೆದರೆ ಈ ಭಾಷೆಯ ವಿಸ್ತಾರ ತಿಳಿಯುತ್ತದೆ.

ನನಗೆ ಗುರುವಾಗಿ ದೊರೆತವಳು ಮೊಮ್ಮಗಳೇ. ಅವಳು ಹುಟ್ಟಿದ್ದು ಅಲ್ಲಿ. ಸಹಪಾಠಿಗಳೊಡನೆ ಆಡಿ ಕ್ಯಾಂಟನೀಸನ್ನು ನೀರು ಕುಡಿದಂತೆ ಕಲಿತಿದ್ದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಜನ್ಮವಿಡೀ ಪರರ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಸ್ವಂತ ಮೊಮ್ಮಗಳ ಬಾಯಿಂದ ಆ ಮಾತು ಕೇಳುವ ಭಾಗ್ಯವಿಲ್ಲವಲ್ಲ ಎಂಬ ವ್ಯಥೆ ನನ್ನ ಮನಸ್ಸಿನೊಳಗಿತ್ತು. ಆದ್ದರಿಂದ ಒಂದು ಒಪ್ಪಂದ ಮಾಡಿಕೊಂಡೆವು: ಅವಳು ನನಗೆ ದಿನಕ್ಕೊಂದು ಕ್ಯಾಂಟನೀಸ್ ಮಾತು ಕಲಿಸಬೇಕು, ಅದಕ್ಕೆ ಪ್ರತಿಯಾಗಿ ಅದೇ ಸಂದರ್ಭದ ಕನ್ನಡ ಮಾತೊಂದನ್ನು ನನ್ನಿಂದ ಕಲಿಯಬೇಕು. ಪಾಠದ ವೇಳೆ ಸಂಜೆ ಐದು ಗಂಟೆ. ಶುಲ್ಕ ಒಂದು ಕೋಡುಬಳೆ.

ಮೊದಲ ದಿನವೇ ನನಗೊಂದು ಆಶ್ಚರ್ಯ ಕಾದಿತ್ತು. ನಮ್ಮ ವರ್ಣಮಾಲೆಯಲ್ಲಿ ಕ ಖ ಗ ಘ ಆದ ಮೇಲೆ ಙ ಎಂಬ ಅಕ್ಷರವೊಂದಿದೆಯಷ್ಟೆ. 'ಇದರಿಂದ ಆರಂಭವಾಗುವ ಪದ ಯಾವುದು ಮಿಸ್?' ಎಂದು ಪ್ರತಿವರ್ಷವೂ ಯಾರಾದರೊಬ್ಬ ಚುರುಕು ಹುಡುಗ ಕೇಳುತ್ತಿದ್ದ. ಅಂಥ ಪದ ಕನ್ನಡದಲ್ಲಿಲ್ಲ. ವರ್ಣಮಾಲೆಯ ಮನೆಯಲ್ಲಿ ಕೆಲಸವಿಲ್ಲದೆ ಕುಳಿತ ಅಜ್ಜನಂತಿದೆ ಆ ಅಕ್ಷರ. ಕ್ಯಾಂಟನೀಸಿನಲ್ಲಿ ಮನುಷ್ಯ 'ನಾನು' ಎನ್ನಬೇಕಾದರೆ ಈ ಅಕ್ಷರವೇ ಬೇಕು. 'ಙೋ' ಎಂದರೆ ನಾನು. ಐದು ಎಂಬ ಸಂಖ್ಯೆಗೆ ಸ್ವರವೂ ಇಲ್ಲ, ಬರಿಯ 'ಙ್'. ಈಗಿನ ತರುಣರು ಈ ಧ್ವನಿಯನ್ನು ನುಂಗಿ 'ಓ' ಎಂದುಬಿಡುವುದುಂಟು. ಹಿರಿಯರು ಇದನ್ನು 'ಸೋಮಾರಿ ಉಚ್ಚಾರ' ಎಂದು ಆಕ್ಷೇಪಿಸುತ್ತಾರೆ. ಸಕಾರ ಶಕಾರಗಳಿಗಾಗಿ ಮಕ್ಕಳೊಡನೆ ಹೋರಾಡಿದ ನನಗೆ ಆ ಹಿರಿಯರ ಮೇಲೆ ಒಮ್ಮೆಗೇ ಬಂಧುತ್ವ ಮೂಡಿತು.

ಇಂಗ್ಲಿಷ್ ಲಿಪಿಗಿಂತ ನಮ್ಮ ಲಿಪಿ ಈ ಭಾಷೆಯನ್ನು ಬರೆದುಕೊಳ್ಳಲು ಎಷ್ಟೋ ಅನುಕೂಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅಲ್ಲಿ ಬಹಳ ಮುಖ್ಯ. 'ಪಾವ್' ಎಂದರೆ ಹೊಟ್ಟೆ ತುಂಬಿತು. 'ಫಾವ್' ಎಂದರೆ ಓಡು. ಈ ಫಕಾರವನ್ನು 'ಫಲ' ಎನ್ನುವಾಗಿನಂತೆ ಉಚ್ಚರಿಸಬೇಕು, 'ಫೋನು' ಎನ್ನುವಾಗಿನಂತಲ್ಲ. ಊಟದ ಮನೆಯಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಏನಾದೀತೆಂದು ಊಹಿಸಿಕೊಳ್ಳಿ! ಆದರೆ ಕನ್ನಡಿಗನ ನಾಲಗೆಗೆ ಒಂದು ತೊಡಕುಂಟು. ನಮ್ಮ ಮಾತುಗಳು ಸ್ವರದಲ್ಲಿ ಮುಗಿಯಲು ಬಯಸುತ್ತವೆ. ಆದುದರಿಂದಲೇ ಬಸ್ ನಮ್ಮಲ್ಲಿ ಬಸ್ಸಾಯಿತು, ಪೆನ್ ಪೆನ್ನಾಯಿತು. ಕ್ಯಾಂಟನೀಸಿನಲ್ಲಿ ಹತ್ತು ಎಂಬುದಕ್ಕೆ 'ಸಪ್', ಎಂಟಕ್ಕೆ 'ಪಾತ್', ಆರಕ್ಕೆ 'ಲುಕ್'. ಕೊನೆಯ ವ್ಯಂಜನ ಸ್ಫೋಟಗೊಳ್ಳದೆ ಒಳಗೇ ನಿಲ್ಲಬೇಕು. ಇದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. 'ಅಪ್ಪ' ಎನ್ನಲು ಹೊರಟು, ತುಟಿ ಮುಚ್ಚಿದಲ್ಲಿಯೇ ನಿಂತುಬಿಡಿ. ಅದೇ ಅವರ ಪಕಾರಾಂತ. 'ಅತ್ತೆ', 'ಅಕ್ಕ' ಎನ್ನುವಾಗಲೂ ಹಾಗೆಯೇ ಅರ್ಧದಲ್ಲಿ ತಡೆದರೆ ಉಳಿದೆರಡು ಸಿದ್ಧಿಸುತ್ತವೆ. ಈ ಅಂತ್ಯವ್ಯಂಜನಗಳು ಪ್ರಾಚೀನ ಚೀನೀ ಭಾಷೆಯ ಆಸ್ತಿ. ಇಂದಿನ ಮ್ಯಾಂಡರಿನ್ನಿನಲ್ಲಿ ಅವು ಸವೆದುಹೋಗಿವೆ. ಆದ್ದರಿಂದ ಸಾವಿರದ ಇನ್ನೂರು ವರ್ಷಗಳ ಹಿಂದಿನ ಟ್ಯಾಂಗ್ ರಾಜರ ಕಾಲದ ಕವಿತೆಗಳನ್ನು ಕ್ಯಾಂಟನೀಸಿನಲ್ಲಿ ಓದಿದರೆ ಅಂತ್ಯಪ್ರಾಸಗಳು ಅನೇಕ ಕಡೆ ಹೆಚ್ಚು ಚೆನ್ನಾಗಿ ಕೂಡಿಬರುತ್ತವೆ.

ಇದಕ್ಕಿಂತ ದೊಡ್ಡ ಬೆಟ್ಟ ಸ್ವರಭೇದದ್ದು. ಕ್ಯಾಂಟನೀಸಿನಲ್ಲಿ ಆರು ಸ್ವರಮಟ್ಟಗಳಿವೆ. 'ಸೀ' ಎಂಬ ಒಂದೇ ಅಕ್ಷರವನ್ನು ಎತ್ತರಿಸಿ ಸಮನಾಗಿ ಹೇಳಿದರೆ ಕವಿತೆ; ಮೇಲಕ್ಕೆ ಏರಿಸಿದರೆ ಇತಿಹಾಸ; ನಡುಮಟ್ಟದಲ್ಲಿ ಹೇಳಿದರೆ ಪರೀಕ್ಷೆ; ಕೆಳಕ್ಕೆ ಇಳಿಸಿದರೆ ಕಾಲ; ಕೆಳಗಿನಿಂದ ಸ್ವಲ್ಪ ಏರಿಸಿದರೆ ಮಾರುಕಟ್ಟೆ; ತಗ್ಗಿನಲ್ಲೇ ಸಮನಾಗಿ ನಿಲ್ಲಿಸಿದರೆ ಸಂಗತಿ. ಉಪಾಧ್ಯಾಯರ ಬಾಳೆಲ್ಲ ಈ ಒಂದು ಅಕ್ಷರದಲ್ಲಿ ಅಡಕವಾಗಿದೆಯಲ್ಲ ಎಂದು ನನಗೆ ನಗು ಬಂದಿತು. ಮೊಮ್ಮಗಳು ಗಾಳಿಯಲ್ಲಿ ಕೈಯಾಡಿಸಿ ಏರಿಳಿತಗಳನ್ನು ಬರೆದು ತೋರಿಸುವಳು. ನಮಗೆ ಇದು ತೀರ ಅಪರಿಚಿತವೆಂದೂ ಹೇಳುವಂತಿಲ್ಲ. ನಮ್ಮ 'ಹೂಂ' ಎಂಬ ಒಂದು ಮಾತನ್ನು ಗಮನಿಸಿ. ಇಳಿಸಿ ಹೇಳಿದರೆ ಒಪ್ಪಿಗೆ, ಏರಿಸಿದರೆ ಪ್ರಶ್ನೆ, ಎಳೆದರೆ ಸಂಶಯ. ಕತೆ ಕೇಳುವ ಮಗು ನಿದ್ದೆಗಣ್ಣಿನಲ್ಲಿ ಹೇಳುವ 'ಹೂಂ'ಗೆ ಬೇರೆಯೇ ರಾಗ. ನಾವು ರಾಗದಿಂದ ಮನಸ್ಸಿನ ಭಾವವನ್ನು ಸೂಚಿಸುತ್ತೇವೆ. ಅವರು ರಾಗವನ್ನು ಪದದ ಅರ್ಥಕ್ಕೇ ಮೀಸಲಿಟ್ಟಿದ್ದಾರೆ.

ಹಾಗಾದರೆ ಅವರು ಭಾವವನ್ನು ಎಲ್ಲಿಡುತ್ತಾರೆ? ವಾಕ್ಯದ ಬಾಲದಲ್ಲಿ. 'ಆ', 'ಲಾ', 'ಲೋ', 'ವೋ' ಮುಂತಾದ ಚಿಕ್ಕ ಚಿಕ್ಕ ಅವ್ಯಯಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. 'ಸಿಕ್' ಎಂದರೆ ತಿನ್ನು. ಬರಿದೇ ಹಾಗೆಂದರೆ ಆಜ್ಞೆಯಂತೆ ಕೇಳಿಸೀತು. 'ಸಿಕ್ ಲಾ' ಎಂದರೆ 'ತಗೊಳ್ಳಿ, ಸಂಕೋಚ ಬೇಡ' ಎಂಬ ಉಪಚಾರ. ಇವುಗಳಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ತಗ್ಗಿನಿಂದ ಏರುವ 'ವೋ'. 'ಮ್ ಲಯ್' ಎಂದರೆ 'ಬರುವುದಿಲ್ಲ'. 'ಮ್ ಲಯ್ ವೋ' ಎಂದರೆ 'ಬರುವುದಿಲ್ಲವಂತೆ'. ಕೇಳಿದ ಸುದ್ದಿಯನ್ನು ತಾನು ಕಂಡಂತೆ ಹೇಳಬಾರದೆಂಬ ಎಚ್ಚರಕ್ಕಾಗಿ ಕನ್ನಡಿಗ 'ಅಂತೆ' ಎಂಬ ಪ್ರತ್ಯಯ ಇಟ್ಟುಕೊಂಡಿದ್ದರೆ, ಕಡಲಾಚೆಯವರು ಅದೇ ಕೆಲಸಕ್ಕೆ 'ವೋ' ಇಟ್ಟುಕೊಂಡಿದ್ದಾರೆ. ಅಂತೆಕಂತೆಗಳ ಹಾವಳಿ ಎರಡೂ ನಾಡುಗಳಲ್ಲಿ ಒಂದೇ ಎಂದು ಕಾಣುತ್ತದೆ.

ಇನ್ನು ಕೃತಜ್ಞತೆಯ ಮಾತು. ಕ್ಯಾಂಟನೀಸಿನಲ್ಲಿ ಇದಕ್ಕೆ ಒಂದಲ್ಲ, ಎರಡು ಮಾತುಗಳಿವೆ. ಯಾರಾದರೂ ಬಾಗಿಲು ಹಿಡಿದು ನಿಂತರೆ, ಚಿಲ್ಲರೆ ಕೊಟ್ಟರೆ, ದಾರಿ ತೋರಿಸಿದರೆ 'ಮ್ ಕೋಯ್' ಎನ್ನಬೇಕು. 'ಆಗಬಾರದಿತ್ತು' ಎಂಬುದು ಇದರ ಅಕ್ಷರಾರ್ಥ. ನನಗಾಗಿ ನೀವು ಇಷ್ಟು ಶ್ರಮಪಡಬೇಕಾಗಿರಲಿಲ್ಲ ಎಂಬ ಭಾವ. ಕಾಣಿಕೆ ಕೊಟ್ಟರೆ, ಊಟ ಹಾಕಿಸಿದರೆ, ಹೊಗಳಿದರೆ ಅದು ಸಲ್ಲದು. ಆಗ 'ತೋಚೆ' ಎನ್ನಬೇಕು. ಶ್ರಮಕ್ಕೆ ಒಂದು ಮಾತು, ದಾನಕ್ಕೆ ಒಂದು ಮಾತು. ಮೊದಲನೆಯದಕ್ಕೆ ಇನ್ನೂ ಹಲವು ಉಪಯೋಗಗಳಿವೆ. ಜನಜಂಗುಳಿಯಲ್ಲಿ ದಾರಿ ಬಿಡಿಸಿಕೊಳ್ಳಲು 'ಮ್ ಕೋಯ್'. ಹೋಟೆಲಿನ ಮಾಣಿಯನ್ನು ಕರೆಯಲು 'ಮ್ ಕೋಯ್'. ದಯವಿಟ್ಟು ಎನ್ನಲೂ 'ಮ್ ಕೋಯ್'. ಇದಕ್ಕೆ ಸಿಗುವ ಉತ್ತರ 'ಮ್ ಸಯ್', ಅಂದರೆ 'ಬೇಕಾಗಿಲ್ಲ'. ನಮ್ಮ ಹಳ್ಳಿಗಳಲ್ಲಿ ಧನ್ಯವಾದ ಎಂಬ ಮಾತೇ ಕೇಳಿಬರದು. 'ಅಷ್ಟಕ್ಕೇನಂತೆ ಬಿಡಿ' ಎಂಬ ಉತ್ತರ ಮಾತ್ರ ಸದಾ ಸಿದ್ಧವಾಗಿರುತ್ತದೆ. 'ಮ್ ಸಯ್' ಕೇಳಿದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತಿತ್ತು.

ಈ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ಮಿನಿಬಸ್ಸಿನಲ್ಲಿ. ಹದಿನಾರೋ ಹತ್ತೊಂಬತ್ತೋ ಆಸನಗಳ ಆ ಸಣ್ಣ ವಾಹನಗಳಲ್ಲಿ ಕೆಂಪು ಛಾವಣಿಯವು ನಿಗದಿಯಾದ ನಿಲ್ದಾಣಗಳಿಗೆ ಕಟ್ಟುಬಿದ್ದವಲ್ಲ. ಇಳಿಯಬೇಕಾದವರು ಗಟ್ಟಿಯಾಗಿ 'ಯವ್ ಲೋಕ್, ಮ್ ಕೋಯ್!' ಎಂದು ಕೂಗಬೇಕು. 'ಇಳಿಯುವುದಿದೆ, ಶ್ರಮ ಕೊಡುತ್ತಿದ್ದೇನೆ' ಎಂದು ಅರ್ಥ. ಚಾಲಕ ಹಿಂದಿರುಗಿ ನೋಡುವುದಿಲ್ಲ. ಒಂದು ಕೈಯೆತ್ತಿ 'ಕೇಳಿಸಿತು' ಎಂದು ಸೂಚಿಸುತ್ತಾನೆ. ಸಂಕೋಚದ ಸ್ವಭಾವದವರಿಗೆ ಇದು ದೊಡ್ಡ ಸಾಹಸ. ಮೆಲ್ಲಗೆ ಹೇಳಿದರೆ ಬಸ್ಸು ನಿಲ್ಲುವುದಿಲ್ಲ, ಊರು ದಾಟಿಹೋಗುತ್ತದೆ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಂತೆ ಪಾಠ ಹೇಳಿದ ಕಂಠ ಅಲ್ಲಿ ನನ್ನ ಸಹಾಯಕ್ಕೆ ಬಂದಿತು. ಚಾಲಕನ ಕೈ ಮೇಲೆದ್ದುದನ್ನು ಕಂಡಾಗ ಆ ಊರು ನನ್ನನ್ನು ಒಳಗೆ ಕರೆದುಕೊಂಡಂತೆ ಭಾಸವಾಯಿತು.

ನಮ್ಮ ಅಂತಸ್ತಿನಲ್ಲಿಯೇ, ಎದುರು ಬಾಗಿಲಿನಲ್ಲಿ, ಎಂಬತ್ತರ ಸಮೀಪದ ವೃದ್ಧೆಯೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಮೊಮ್ಮಗಳು ಅವರನ್ನು 'ಫೋಫೋ' ಎಂದು ಕರೆಯುತ್ತಿದ್ದಳು. ತಾಯಿಯ ತಾಯಿಗೆ ಸಲ್ಲುವ ಈ ಮಾತನ್ನು ಯಾವ ಮುದುಕಿಗಾದರೂ ಗೌರವದಿಂದ ಬಳಸಬಹುದು, ನಮ್ಮ 'ಅಜ್ಜಿ'ಯಂತೆ. ನಾನೂ ಹಾಗೆಯೇ ಕರೆದೆ. ಬೆಳಗ್ಗೆ ಕಂಡಾಗ 'ಚೋಸನ್' ಎಂಬ ವಂದನೆ. ಮಧ್ಯಾಹ್ನ ಕಂಡರೆ 'ಸಿಕ್ ಚೋ ಫಾನ್ ಮೇಯ್ ಆ?' ಅಂದರೆ 'ಅನ್ನ ಉಂಡಿರೋ, ಇನ್ನೂ ಇಲ್ಲವೋ?' 'ಫಾನ್' ಎಂದರೆ ಬೇಯಿಸಿದ ಅಕ್ಕಿ, ಊಟಕ್ಕೂ ಅದೇ ಹೆಸರು. 'ಊಟ ಆಯಿತೇ?' ಎಂದು ಕೇಳಿ ಮಾತಿಗೆ ತೊಡಗುವ ನಾಡಿನಿಂದ ಬಂದವಳಿಗೆ ಇದನ್ನು ವಿವರಿಸಿ ಹೇಳಬೇಕೆ? ಆಗದಿದ್ದರೆ ಬಡಿಸುತ್ತಾರೆಂದು ಯಾರೂ ಅಲ್ಲಿ ತಿಳಿಯುವುದಿಲ್ಲ, ಇಲ್ಲಿಯೂ ತಿಳಿಯುವುದಿಲ್ಲ. ಹಸಿವಿನ ದಿನಗಳನ್ನು ಕಂಡ ಜನಕ್ಕೆ ಕ್ಷೇಮಸಮಾಚಾರವೆಂದರೆ ಊಟದ ಸಮಾಚಾರವೇ.

ಸಸ್ಯಾಹಾರಿಯಾದ ನನಗೆ ಅತ್ಯವಶ್ಯವಾಗಿದ್ದ ಮಾತು 'ಙೋ ಸಿಕ್ ಚಾಯ್' ಎಂಬುದು. ಇದನ್ನು ಹೇಳಿದಾಗ ಫೋಫೋ ಅವರ ಮುಖ ಅರಳಿತು. ಬೌದ್ಧ ಸಂಪ್ರದಾಯದ ಅನೇಕರಂತೆ ಅವರೂ ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸವನ್ನು ಮುಟ್ಟುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವು ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದಿನಗಳೇ. ಅಂಥ ದಿನಗಳಲ್ಲಿ ಅವರು ಅಣಬೆ ಮತ್ತು ಸೋಯಾಗಿಣ್ಣಿನ ವ್ಯಂಜನವನ್ನು ನನಗೆ ಕಳುಹಿಸುವರು. ನಾನು ಬಟ್ಟಲನ್ನು ಬರಿದಾಗಿ ಹಿಂದಿರುಗಿಸದೆ ಚಿತ್ರಾನ್ನ ತುಂಬಿ ಕಳುಹಿಸುವೆ. ನಾನು ಉಪಾಧ್ಯಾಯಿನಿಯೆಂದು ತಿಳಿದಂದಿನಿಂದ ಅವರು ನನ್ನನ್ನು 'ಲೋಸೀ' ಎಂದು ಕರೆಯತೊಡಗಿದರು. 'ಲೋ' ಎಂದರೆ ಹಿರಿಯ, 'ಸೀ' ಎಂದರೆ ಗುರು. ಗುರು ಎಂಬ ಈ 'ಸೀ'ಯೂ ಕವಿತೆ ಎಂಬ 'ಸೀ'ಯೂ ಸ್ವರಮಟ್ಟದಲ್ಲಿಯೂ ಒಂದೇ ಎಂದು ಮೊಮ್ಮಗಳು ತಿಳಿಸಿದಾಗ, ಕನ್ನಡ ಮೇಡಂ ಎನಿಸಿಕೊಂಡಿದ್ದ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ದಿನ ಅವರು ನಮ್ಮನ್ನು 'ಯಮ್ ಛಾ'ಕ್ಕೆ ಕರೆದುಕೊಂಡು ಹೋದರು. ಹೆಸರು ಕೇಳಿ ಬೆದರಬೇಕಾಗಿಲ್ಲ. 'ಯಮ್' ಎಂದರೆ ಕುಡಿ, 'ಛಾ' ಎಂದರೆ ಚಹಾ. ನಮ್ಮ 'ಚಹಾ' ಎಂಬ ಪದದ ಮೂಲವೂ ಚೀನೀಯರ ಈ 'ಛಾ'. ನಾವು ಬಳಸುವ ಇನ್ನೊಂದು ಪದ 'ಟೀ' ಬಂದದ್ದು ಚೀನದ ಫೂಜಿಯಾನ್ ಕರಾವಳಿಯ ನುಡಿಯಿಂದ. ಒಂದೇ ಲೋಟದಲ್ಲಿ ಚೀನದ ಎರಡು ನುಡಿಗಳನ್ನು ಕುಡಿಯುತ್ತಿದ್ದೇವೆಂದು ನಮಗೆ ಅರಿವೇ ಇಲ್ಲ! ಅಲ್ಲಿ ಬಟ್ಟಲಿಗೆ ಒಬ್ಬರು ಚಹಾ ಎರೆದರೆ, ಪಡೆದವರು ಎರಡು ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು. ಚಿಯಾನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ಸಂಚರಿಸುತ್ತ ತನ್ನ ಸೇವಕರಿಗೆ ತಾನೇ ಚಹಾ ಎರೆದನಂತೆ. ಸಾಷ್ಟಾಂಗವೆರಗಿದರೆ ಗುಟ್ಟು ರಟ್ಟಾದೀತೆಂದು ಅವರು ಬೆರಳುಗಳನ್ನೇ ಬಾಗಿಸಿ ವಂದಿಸಿದರಂತೆ. ಐತಿಹ್ಯ ನಿಜವೋ ಅಲ್ಲವೋ, ಮಾತನ್ನು ತುಂಡರಿಸದೆ ಕೃತಜ್ಞತೆ ತಿಳಿಸುವ ಈ ವಿಧಾನ ಸೊಗಸಾದುದು. ಚಹಾದ ಕೆಟಲಿನ ಮುಚ್ಚಳವನ್ನು ಓರೆಯಾಗಿಟ್ಟರೆ ಮತ್ತಷ್ಟು ಬಿಸಿನೀರು ಬೇಕೆಂದು ಅರ್ಥ. ಹಣ ಕೊಡುವ ಹೊತ್ತಿಗೆ 'ಮಾಯ್ ತಾನ್' ಎಂದರೆ ಬಿಲ್ಲು ಬರುತ್ತದೆ. ಪರಿಚಿತರು ಅಗಲುವಾಗ 'ತಕ್ ಹಾನ್ ಯಮ್ ಛಾ' ಎನ್ನುವರು. ಬಿಡುವಾದಾಗ ಚಹಾ ಕುಡಿಯೋಣ ಎಂದು. ಯಾವ ದಿನ ಎಂದು ಮರುಪ್ರಶ್ನೆ ಹಾಕಬಾರದು. 'ಒಂದು ಸಲ ಮನೆ ಕಡೆ ಬನ್ನಿ' ಎಂಬ ನಮ್ಮ ಮಾತಿನ ಸೋದರ ಅದು.

ಕೆಲವು ಮಾತುಗಳನ್ನು ಆಡುವುದಕ್ಕಿಂತ ಆಡದಿರುವುದನ್ನು ಕಲಿಯಬೇಕು. ನಾಲ್ಕು ಎಂಬ 'ಸೇಯ್'ಗೂ ಸಾವು ಎಂಬ 'ಸೇಯ್'ಗೂ ಇರುವ ಅಂತರ ಸ್ವರಮಟ್ಟದ್ದು ಮಾತ್ರ. ಅದಕ್ಕಾಗಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಾಲ್ಕು, ಹದಿನಾಲ್ಕು, ಇಪ್ಪತ್ತನಾಲ್ಕು ಅಂತಸ್ತುಗಳೇ ಇರಲಿಲ್ಲ. ಹದಿಮೂರಾದ ಮೇಲೆ ಹದಿನೈದು. ಬಾಡಿಗೆಗಿರುವ ಖಾಲಿ ಮನೆಗೆ 'ಖಾಲಿ' ಎನ್ನುವುದಿಲ್ಲ, ಆ ಮಾತು ಅಶುಭಕ್ಕೆ ಸಮೀಪವಾಗಿ ಕೇಳಿಸುತ್ತದೆಂದು 'ಶುಭಗೃಹ' ಎನ್ನುತ್ತಾರೆ. ನಗುವ ಮುನ್ನ ನಮ್ಮ ಮನೆಗಳತ್ತ ನೋಡಿಕೊಳ್ಳೋಣ. ಹೊರಟವರು 'ಹೋಗುತ್ತೇನೆ' ಎನ್ನದೆ 'ಹೋಗಿಬರುತ್ತೇನೆ' ಎನ್ನುವುದು, ದೀಪ ಆರಿತೆನ್ನದೆ ಶಾಂತವಾಯಿತೆನ್ನುವುದು, ಒಡೆದ ಬಳೆ 'ಹೆಚ್ಚಿತು' ಎನ್ನುವುದು ಇದೇ ಭಾವನೆಯಿಂದಲ್ಲವೇ? ಹೊಸ ವರ್ಷದ ಹಬ್ಬದಲ್ಲಿ ಮದುವೆಯಾದವರು ಮಕ್ಕಳಿಗೂ ಅವಿವಾಹಿತರಿಗೂ ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಾರೆ. ಪಡೆಯುವವರು ಎರಡು ಕೈಗಳಿಂದ ತೆಗೆದುಕೊಂಡು 'ಕುಂಗ್ ಹೇಯ್ ಫಾತ್ ಛೋಯ್' ಎಂದು ಐಶ್ವರ್ಯವನ್ನು ಹಾರೈಸುತ್ತಾರೆ. ಪರೀಕ್ಷೆಗೆ ಹೊರಟ ಮಗುವಿಗೆ ಹೇಳುವ ಮಾತು 'ಕಾ ಯವ್', ಅಂದರೆ 'ಎಣ್ಣೆ ಹಾಕು'. ಹಾಂಗ್‌ಕಾಂಗಿನವರು ಇದನ್ನು ಇಂಗ್ಲಿಷಿಗೂ ಹಾಗೆಯೇ ತಿರುಗಿಸಿ ಬಳಸಿ ಬಳಸಿ, 2018ರಲ್ಲಿ ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಮನ್ನಣೆ ಕೊಟ್ಟಿತು.

ಬಂಧುವಾಚಕಗಳಲ್ಲಂತೂ ನಾವು ಅವರಿಗೆ ತೀರ ಹತ್ತಿರದವರು. ಇಂಗ್ಲಿಷಿನ ಒಂದೇ 'ಅಂಕಲ್' ಅವರಿಗೂ ಸಾಲದು, ನಮಗೂ ಸಾಲದು. ತಂದೆಯ ಅಣ್ಣನಿಗೆ ಒಂದು ಹೆಸರು, ತಮ್ಮನಿಗೆ ಒಂದು, ತಾಯಿಯ ಸೋದರನಿಗೆ ಮತ್ತೊಂದು. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರಂತೆ. ಅಕ್ಕ ತಂಗಿಯರಿಗೆ ಅಲ್ಲಿಯೂ ಬೇರೆ ಬೇರೆ ಪದಗಳಿವೆ. ಮೊಮ್ಮಗಳಿಗೆ ಕನ್ನಡದ ನಂಟಸ್ತಿಕೆಯನ್ನು ಇಂಗ್ಲಿಷಿನಲ್ಲಿ ತಿಳಿಸಲು ಮಗಳು ವರ್ಷಗಟ್ಟಲೆ ಹೆಣಗಿದ್ದಳು. ಕ್ಯಾಂಟನೀಸಿನ ಮೂಲಕ ಅದು ಒಂದು ಸಂಜೆಯಲ್ಲಿ ತಿಳಿದುಹೋಯಿತು.

ಇಷ್ಟು ಜೀವಂತವಾದ ಭಾಷೆಗೂ ಅದರದೇ ಆದ ಚಿಂತೆಗಳಿವೆ. ಹಾಂಗ್‌ಕಾಂಗಿನಲ್ಲಿ 1974ರವರೆಗೆ ಇಂಗ್ಲಿಷೊಂದೇ ಅಧಿಕೃತ ಭಾಷೆಯಾಗಿತ್ತು. ಜನರ ಒತ್ತಾಯದ ಫಲವಾಗಿ ಆ ವರ್ಷ ಚೀನೀ ಭಾಷೆಗೂ ಆ ಸ್ಥಾನ ದೊರೆಯಿತು. ಆದರೆ ಮಕ್ಕಳು ಶಾಲೆಯಲ್ಲಿ ಓದಿ ಬರೆಯುವ ಚೀನೀ ಗ್ರಂಥಭಾಷೆಗೂ ಮನೆಯಲ್ಲಾಡುವ ಕ್ಯಾಂಟನೀಸಿಗೂ ಅಂತರ ಬಹಳ. 'ಅಲ್ಲ' ಎಂಬುದಕ್ಕೆ ಬಾಯಲ್ಲಿ 'ಮ್', ಬರಹದಲ್ಲಿ 'ಪತ್'. 'ಬರ್ತೀನಿ' ಎಂದು ಮಾತಾಡಿ 'ಬರುತ್ತೇನೆ' ಎಂದು ಬರೆಯುವ ನಮ್ಮ ಅಂತರ ಅದರ ಮುಂದೆ ಅತ್ಯಲ್ಪ. ಈಗ ಹಲವು ಶಾಲೆಗಳಲ್ಲಿ ಚೀನೀ ಪಾಠವನ್ನೇ ಮ್ಯಾಂಡರಿನ್ನಿನಲ್ಲಿ ಹೇಳಿಕೊಡುತ್ತಾರೆ. 2010ರಲ್ಲಿ ಗ್ವಾಂಗ್‌ಜೌ ನಗರದ ದೂರದರ್ಶನದಲ್ಲಿ ಕ್ಯಾಂಟನೀಸನ್ನು ತಗ್ಗಿಸಿ ಮ್ಯಾಂಡರಿನ್ನನ್ನು ಹೆಚ್ಚಿಸಬೇಕೆಂಬ ಸಲಹೆ ಬಂದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಎಂಟು ಕೋಟಿ ಜನರ ಭಾಷೆಯೂ ತನ್ನ ಮನೆಯಲ್ಲಿ ತಾನು ಉಳಿದೇನೇ ಎಂದು ಕೇಳಿಕೊಳ್ಳುವ ಕಾಲವಿದು.

ಆ ಪ್ರಶ್ನೆಗೆ ಫೋಫೋ ಅವರ ಮನೆಯಲ್ಲಿ ಒಂದು ಮುಖವಿತ್ತು. ಅವರ ಮಗ ಕೆನಡಾದಲ್ಲಿ ನೆಲಸಿದ್ದ. ಭಾನುವಾರ ಬೆಳಗ್ಗೆ ಮೊಮ್ಮಕ್ಕಳ ಮುಖ ಫೋನಿನಲ್ಲಿ ಕಾಣಿಸುವುದು. ಅವರಿಗೆ ಇಂಗ್ಲಿಷಲ್ಲದೆ ಬೇರೆ ಬಾರದು. ಕೈಬೀಸಿ, ನಕ್ಕು, ಒಂದೆರಡು ಮಾತು ತೊದಲಿ ಅವರು ಮರೆಯಾದ ಮೇಲೆ ಆ ವೃದ್ಧೆ ಫೋನನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿರುವರು. ಒಂದು ಭಾನುವಾರ ನಾವು ಅಲ್ಲಿದ್ದಾಗ ಅವರು ನನ್ನ ಮೊಮ್ಮಗಳನ್ನು ಕೇಳಿದರು: 'ನೀನು ಅಜ್ಜಿಯೊಡನೆ ಆಡುವುದು ಯಾವ ಮಾತು?' 'ಕನ್ನಡ' ಎಂದಳು ಹುಡುಗಿ. ಕ್ಯಾಂಟನೀಸಿನಲ್ಲಿ ಕೆನಡಾ ದೇಶದ ಹೆಸರು 'ಕಾನಾತಾಯ್'. ಅವರ ಕಣ್ಣುಗಳು ಒಮ್ಮೆಗೇ ಬೆಳಗಿದವು. 'ಕಾನಾತಾಯ್! ನನ್ನ ಮೊಮ್ಮಕ್ಕಳ ಊರು!' ಎಂದರು. ಅದು ದೇಶವಲ್ಲ, ಭಾರತದ ಒಂದು ಭಾಷೆ, ತನ್ನ ಅಜ್ಜಿಯ ಭಾಷೆ ಎಂದು ಹುಡುಗಿ ಬಿಡಿಸಿ ಹೇಳಿದಳು. ಅವರು ಕ್ಷಣಕಾಲ ಸುಮ್ಮನಿದ್ದು, 'ಊಟ ಆಯಿತೇ ಎನ್ನುವುದನ್ನು ಅದರಲ್ಲಿ ಹೇಗೆ ಹೇಳುತ್ತಾರೆ? ನನಗೆ ಕಲಿಸು' ಎಂದರು.

ಹುಡುಗಿ ನನ್ನತ್ತ ನೋಡಿದಳು. ನಾನು ಮಾತಾಡಲಿಲ್ಲ. ಅವಳೇ ನಿಧಾನವಾಗಿ, ಒಂದೊಂದಾಗಿ ಬಿಡಿಸಿ, 'ಊಟ, ಆಯ್ತಾ?' ಎಂದಳು. ಫೋಫೋ ಅವರ ಬಾಯಲ್ಲಿ ಅದು ಏರಿಳಿದು ಹೊಸ ರಾಗವಾಗಿ ಹೊರಟಿತು. ಹುಡುಗಿ ನನಗೆ ತೋರಿಸುತ್ತಿದ್ದಂತೆಯೇ ಗಾಳಿಯಲ್ಲಿ ಕೈಯಾಡಿಸಿ, 'ಕನ್ನಡದಲ್ಲಿ ಅಷ್ಟು ಏರಿಸಬಾರದು' ಎಂದು ತಿದ್ದಿದಳು. ಮರುದಿನದಿಂದ ಅವಳು ಶಾಲೆಯಿಂದ ಬಂದು ಎದುರು ಬಾಗಿಲು ತಟ್ಟಿದರೆ, ಒಳಗಿನಿಂದ 'ಊಟ ಆಯ್ತಾ?' ಎಂಬ ಪ್ರಶ್ನೆ ಬರುವುದು, 'ಆಯ್ತು, ನಿಮ್ದು?' ಎಂಬ ಉತ್ತರ ಹೋಗುವುದು. ನನ್ನೊಡನೆಯೂ ಇಂಗ್ಲಿಷಿನ ಉತ್ತರಗಳು ಕ್ರಮೇಣ ಕಡಮೆಯಾದವು. ತನ್ನ ಮನೆಯ ಮಾತನ್ನು ಹೊರಗಿನವರೊಬ್ಬರು ಆಸೆಪಟ್ಟು ಕೇಳಿದಾಗ ಮಗುವಿಗೆ ಅದರ ಬೆಲೆ ತಿಳಿಯಿತು. ನನ್ನ ಮೂವತ್ತನಾಲ್ಕು ವರ್ಷಗಳ ಬೋಧನೆಯಲ್ಲಿ ಇಷ್ಟು ಫಲಕಾರಿಯಾದ ಕನ್ನಡ ಪಾಠವನ್ನು ನಾನು ಕಂಡಿರಲಿಲ್ಲ. ಅದನ್ನು ಹೇಳಿಸಿದವರು ಕನ್ನಡ ಬಾರದ ಒಬ್ಬ ಚೀನೀ ಮುದುಕಿ!

ಮಾರ್ಚಿಯಲ್ಲಿ ನಾನು ಊರಿಗೆ ಹೊರಟಾಗ ಫೋಫೋ ಲಿಫ್ಟಿನವರೆಗೆ ಬಂದರು. 'ಮಾನ್ ಮಾನ್ ಹಾಂಙ್, ಲೋಸೀ' ಎಂದರು. 'ನಿಧಾನವಾಗಿ ನಡೆಯಿರಿ' ಎಂದು ಅದರ ಅರ್ಥ. ಹೊರಟವರಿಗೆ ಅಲ್ಲಿ ಹೇಳುವ ಮಾತು ಅದು; 'ಹುಷಾರಾಗಿ ಹೋಗಿ ಬನ್ನಿ' ಎಂಬ ನಮ್ಮ ಮಾತಿನಲ್ಲಿರುವ ಕಾಳಜಿಯೇ ಅದರಲ್ಲಿಯೂ ಇದೆ. ಮೊಮ್ಮಗಳು ಅನುವಾದ ಹೇಳಲು ಬಾಯಿ ತೆರೆದಳು. ನನಗೆ ಅದರ ಅಗತ್ಯವಿರಲಿಲ್ಲ.

ಹೊಸ ಭಾಷೆಯನ್ನು ಕಲಿಯಲು ಕಡಲು ದಾಟಬೇಕಾಗಿಲ್ಲ. ನಿಮ್ಮದೇ ತರಗತಿಯಲ್ಲಿ ತುಳುವನ್ನೋ ಕೊಡವ ತಕ್ಕನ್ನೋ, ಉರ್ದುವನ್ನೋ ಕೊಂಕಣಿಯನ್ನೋ ಲಂಬಾಣಿಯನ್ನೋ ಮನೆಮಾತಾಗಿ ಉಳ್ಳ ಗೆಳೆಯರು ಇರುತ್ತಾರೆ. 'ನಿಮ್ಮ ಮನೆಯಲ್ಲಿ ಊಟ ಆಯಿತೇ ಎನ್ನುವುದನ್ನು ಹೇಗೆ ಕೇಳುತ್ತಾರೆ?' ಎಂದು ಅವರನ್ನು ಕೇಳಿ ನೋಡಿ. ಅವರು ಹೇಳಿಕೊಟ್ಟದ್ದನ್ನು ಅವರ ತಾಯಿಯ ಮುಂದೆಯೋ ಅಜ್ಜಿಯ ಮುಂದೆಯೋ ಒಮ್ಮೆ ಆಡಿ. ಆಮೇಲೆ ಆ ಮನೆಯಲ್ಲಿ ನೀವು ಹೊರಗಿನವರಾಗಿ ಉಳಿಯುವುದಿಲ್ಲ.